ಗಾಜಿನ ಮೇಲಿನ ಕುಂಕುಮ

ನಮ್ಮನೆಯವರನ್ನು ಮೊದಲ ಸಲ ಕಂಡಾಗ ಡಾಕ್ಟರಬಾಯಿ ನಮಸ್ಕಾರ ಅನ್ನಲಿಲ್ಲ, ಕೂತುಕೊಳ್ಳಿ ಅನ್ನಲಿಲ್ಲ. ಕನ್ನಡಕವನ್ನು ಹಣೆಗೇರಿಸಿ, ನೆತ್ತಿಯಿಂದ ಪಾದದವರೆಗೆ ಒಮ್ಮೆ ನೋಡಿ, "ಓಹೋ, ನೀವೇನ್ರಿ! ನಿಮ್ಮ ಕರುಳಿನ ಪರಿಚಯ ಅದ ನಂಗ. ಮುಖದ ಪರಿಚಯ ಇರ್ಲಿಲ್ಲ," ಅಂದರು.

ನಾಶಿಕದ ಸಾತಪುರದಲ್ಲಿ ಕಾರ್ಖಾನೆಯ ಮ್ಯಾನೇಜರನ ಎದುರಿಗೂ ದನಿ ತಗ್ಗಿಸದ ಮನುಷ್ಯ ನಮ್ಮವರು. ಅಂದು ಮಾತ್ರ ಅಂಗಿಯ ಗುಂಡಿಗಳೆಲ್ಲ ಹಾಕಿವೆಯೋ ಇಲ್ಲವೋ ಎಂದು ಮುಟ್ಟಿ ಮುಟ್ಟಿ ನೋಡಿಕೊಂಡರು. ಆಮೇಲೆ ಮೆಟ್ಟಿಲು ಇಳಿಯುವಾಗ, "ಇವರ ಮುಂದ ನಿಂತ್ರ ಮೈಮ್ಯಾಲ ಬಟ್ಟಿ ಇಲ್ಲದಂಗ ಅನಸ್ತದ," ಅಂದರು. "ಬಟ್ಟಿ ಅಷ್ಟೇ ಅಲ್ಲರಿ, ಚರ್ಮಾನೂ ಇಲ್ಲದಂಗ," ಅಂದೆ ನಾನು.

ಎದೆಗೆ ಸ್ಟೆಥಸ್ಕೋಪು ಇಟ್ಟು, ನಾಲಿಗೆ ತೋರಿಸಿ ಎನ್ನುವ ಡಾಕ್ಟರಲ್ಲ ಅವರು. ಆಪರೇಷನ್ನಿನಲ್ಲಿ ತೆಗೆದ ಗಡ್ಡೆಯ ತೆಳ್ಳನೆಯ ಚೂರನ್ನು ಗಾಜಿನ ಪಟ್ಟಿಯ ಮೇಲೆ ಕೂರಿಸಿ, ಬಣ್ಣ ಹಾಕಿಸಿ, ಮೈಕ್ರೋಸ್ಕೋಪಿನಲ್ಲಿ ನೋಡಿ, ಇದು ಇಂಥ ರೋಗ, ಇಷ್ಟು ಸಿಟ್ಟಿನದು ಎಂದು ಬರೆದುಕೊಡುವವರು. ಊರು ಕಲಬುರ್ಗಿ. ಕೆಲಸ ಮಾಡಿದ್ದೆಲ್ಲ ಔರಂಗಾಬಾದಿನಲ್ಲಿ, ಅಂದರೆ ಈಗಿನ ಛತ್ರಪತಿ ಸಂಭಾಜಿನಗರದಲ್ಲಿ. ಅವರ ಬಳಿಗೆ ಬಂದವರೆಲ್ಲ ಚೂರು ಚೂರಾಗಿಯೇ ಬಂದವರು. ಒಬ್ಬರ ಪಿತ್ತಕೋಶ, ಇನ್ನೊಬ್ಬರ ಕುತ್ತಿಗೆಯ ಗಂಟು. ಇಡೀ ಮನುಷ್ಯ ಕೈಕಾಲು ಆಡಿಸುತ್ತಾ ಎದುರಿಗೆ ಬಂದು ನಿಂತರೆ ಅವರಿಗೆ ಎಲ್ಲಿಂದ ನೋಡಲು ಶುರು ಮಾಡಬೇಕೆಂದೇ ತಿಳಿಯುತ್ತಿರಲಿಲ್ಲ.

ಹೋದ ತಿಂಗಳು ನಮ್ಮನೆಯವರ ಅಕ್ಕ ಫೋನ್ ಮಾಡಿ, "ಮ್ಯಾಲಿನ ಮನಿಗಿ ಕೀಲಿ ಬಿತ್ತವಾ. ಬಾಯಾರು ಕಲಬುರ್ಗಿಗಿ ತಂಗಿ ಮನಿಗಿ ಹೋದ್ರು," ಅಂದಾಗಿನಿಂದ ಇದನ್ನು ಬರೆಯಬೇಕು ಅನ್ನಿಸಿದೆ. ಡಾಕ್ಟರಬಾಯಿಯ ಹೆಸರು ಬರೆಯುವುದಿಲ್ಲ. ಗಾಜಿನ ಪಟ್ಟಿಯ ತುದಿಗೆ ರೋಗಿಯ ಹೆಸರಿರುತ್ತದೆ. ಅದರ ಮೇಲೆ ಒಂದು ಕಾಗದದ ಚೂರು ಅಂಟಿಸಿಕೊಂಡೇ ಅವರು ನೋಡುತ್ತಿದ್ದರು. "ಹೆಸರು ಓದಿದ್ರ ಕಣ್ಣು ಮೆತ್ತಗಾಗ್ತದ," ಎನ್ನುತ್ತಿದ್ದರು. ಅವರ ಹೆಸರಿನ ಮೇಲೆ ನಾನೂ ಒಂದು ಚೂರು ಕಾಗದ ಅಂಟಿಸಿದ್ದೇನೆ ಅಂದುಕೊಳ್ಳಿ.

ಅಕ್ಕನ ಮನೆ ಇರುವುದು ಚಿಕಲಠಾಣಾದ ಕಡೆ. ಕೆಳಗೆ ಅಕ್ಕ, ಮೇಲೆ ಡಾಕ್ಟರಬಾಯಿ. ಅಕ್ಕನ ದನಿ ಮೇಲಿನ ಮನೆಗೆ ಹೇಗೂ ಕೇಳುತ್ತಿತ್ತು, ಹೀಗಾಗಿ ಸ್ನೇಹವಾಗಲು ತಡವಾಗಲಿಲ್ಲ. ಡಾಕ್ಟರಬಾಯಿಗೆ ಲಗ್ನವಾಗಿರಲಿಲ್ಲ, ಅಡುಗೆಯೂ ಅಷ್ಟಕ್ಕಷ್ಟೆ. ಆದರೂ ವಾರಕ್ಕೊಮ್ಮೆ ಅಕ್ಕನ ಜೊತೆ ಸಂತೆಗೆ ಹೋಗುವರು. ಬದನೆಕಾಯಿ ಮಾರುವವಳ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದನ್ನು ಕತ್ತರಿಸಿ ತೋರಿಸು ಎನ್ನುವರು. ಒಮ್ಮೆ ಅಕ್ಕ ಕೇಳಿದಳಂತೆ, "ಬಾಯಾರ, ಒಂದು ಕತ್ತರಿಸಿ ನೋಡಿದ್ರ ಉಳಿದವು ಹ್ಯಾಂಗವ ಅಂತ ಹ್ಯಾಂಗ ಗೊತ್ತಾಗ್ತದ್ರಿ?"

"ಗೊತ್ತಾಗಲ್ಲ. ಅದಕ್ಕೇ ಎಲ್ಲಾ ಕತ್ತರಿಸಬೇಕು."

ಅಂದಿನಿಂದ ಇವರಿಬ್ಬರನ್ನು ದೂರದಲ್ಲಿ ಕಂಡರೆ ಆಕೆ ಬದನೆಕಾಯಿಯ ಬುಟ್ಟಿಗೆ ಗೋಣಿ ಮುಚ್ಚುತ್ತಿದ್ದಳಂತೆ.

ಡಾಕ್ಟರಬಾಯಿಯ ಮಧ್ಯಾಹ್ನದ ಊಟ ಕುಂದಾಪುರದ ಕಡೆಯವರೊಬ್ಬರ ಹೋಟೆಲಿನಲ್ಲಿ. ಮಸಾಲೆದೋಸೆ ಬಂದರೆ ಮೊದಲು ಅದರ ಸುತ್ತಲಿನ ಅಂಚನ್ನು ಚಮಚದಿಂದ ಎತ್ತಿ ಬೆಳಕಿಗೆ ಹಿಡಿದು ನೋಡಿ, ಆಮೇಲೆ ಚೌಕ ಚೌಕ ಕತ್ತರಿಸಿ ತಿನ್ನುವರು. ಮಾಲೀಕರು ಹೊಸದರಲ್ಲಿ ಗಾಬರಿಯಾಗಿ ಬಂದು, "ಎಂತ ಮೇಡಂ, ಸರಿ ಉಂಟಲ್ಲ?" ಎಂದು ಕೇಳಿದ್ದಕ್ಕೆ, "ಅಂಚು ಸ್ವಚ್ಛ ಅವ," ಅಂದರಂತೆ. ಗಡ್ಡೆ ಪೂರ್ತಿ ಹೊರಬಂದಿದೆ, ಕತ್ತರಿಸಿದ ಅಂಚಿನಲ್ಲಿ ರೋಗ ಉಳಿದಿಲ್ಲ ಎಂದು ಹೇಳುವ ಮಾತದು. ಅವರ ಲೋಕದಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಮಾಲೀಕರು ಒಳಗೆ ಹೋಗಿ ತಟ್ಟೆಗಳನ್ನೆಲ್ಲ ಮತ್ತೊಮ್ಮೆ ತೊಳೆಸಿದರು.

ಅವರು ಯೇವಲಾಕ್ಕೆ ಪೈಠಣಿ ಸೀರೆ ತರಲು ಹೋದಾಗ ನಾನೂ ಇದ್ದೆ. ಅಂಗಡಿಯವನು ಸೀರೆಯ ನವಿಲು ತೋರಿಸುತ್ತಿದ್ದರೆ ಇವರು ಸೆರಗನ್ನು ಮಗುಚಿ ಹಿಂಬದಿ ನೋಡುತ್ತಾ ಕೂತರು. ಕೈಮಗ್ಗದ ಪೈಠಣಿಯ ನಿಜ ತಿಳಿಯುವುದೇ ಹಿಂಬದಿಯಲ್ಲಂತೆ. ಅಂಗಡಿಯವನಿಗೆ ಸಂತೋಷವೋ ಸಂತೋಷ, ಇಂಥ ಗಿರಾಕಿ ಬಂದಿರಲಿಲ್ಲವೆಂದು ಚಹಾ ತರಿಸಿದ. ಮೆಚ್ಚಿಸುವ ಹುರುಪಿನಲ್ಲಿ ಒಳಗಿನಿಂದ ಕಂದು ಮೈಯ ನೀಲಿ ಅಂಚಿನ ಒಂದು ಸೀರೆ ತಂದು ಹರವಿದ. ನಮ್ಮ ಕಣ್ಣು ಅದರ ಮೇಲೆಯೇ. ಡಾಕ್ಟರಬಾಯಿ ಅದನ್ನು ಎರಡು ಬೆರಳಿನಿಂದ ಪಕ್ಕಕ್ಕೆ ಸರಿಸಿ, "ದಿನಾ ಪೂರಾ ಕಂದು, ನೀಲಿ ನೋಡಿ ಸಾಕಾಗ್ಯದ. ಹಬ್ಬಕ್ಕೂ ಇದೇ ಉಡಲೇನು?" ಎಂದು ಹಸಿರು ಸೀರೆ ಕೊಂಡರು.

ಆ ಕಂದು ನೀಲಿಯ ಅರ್ಥ ಏನೆಂದು ನನಗೆ ಆಗಲೇ ಗೊತ್ತಿತ್ತು. ಆ ಕಥೆಗೇ ಬರುತ್ತೇನೆ.

ನಮ್ಮನೆಯವರಿಗೆ ಹೊಟ್ಟೆ ನೋವು ಶುರುವಾದಾಗ ನಾನು ಅಜವಾನ ಕೊಟ್ಟೆ, ಹಿಂಗು ಕೊಟ್ಟೆ, ವಿಭೂತಿ ಹಚ್ಚಿದೆ. ಕೊನೆಗೆ ಕರುಳು ಕಟ್ಟಿಕೊಂಡು, ನಾಶಿಕದ ಆಸ್ಪತ್ರೆಯಲ್ಲಿ ಅವಸರದ ಆಪರೇಷನ್ ಆಯಿತು. ಕರುಳಿನಲ್ಲಿ ಗಡ್ಡೆ. ಕ್ಯಾನ್ಸರ್. ಸುತ್ತಲಿನ ಗ್ರಂಥಿಗಳಿಗೆ ಹಬ್ಬಿರಲಿಲ್ಲ, ಅದೊಂದು ಕೃಪೆ. ಮಲ ಹೋಗಲು ಹೊಟ್ಟೆಗೆ ಚೀಲ ಕಟ್ಟುವ ಪ್ರಸಂಗ ಬರಲಿಲ್ಲ, ಅದು ಇನ್ನೊಂದು. ಆಸ್ಪತ್ರೆಯ ಕಿಟಕಿಯಿಂದ ದೂರದಲ್ಲಿ ಗುಡಿಯ ಕಳಸ ಕಾಣುತ್ತಿತ್ತು, ದಿನವೂ ಕೈಮುಗಿಯುತ್ತಿದ್ದೆ. ಬಿಡುಗಡೆಯ ದಿನ ನಮ್ಮವರು ಅದು ಕಳಸವಲ್ಲ, ಮೊಬೈಲ್ ಟವರ್ ಅಂದರು. ಅಷ್ಟು ದಿನ ಕಳಸದ ಹಾಗೆ ಕಂಡಿತಲ್ಲ, ಅದನ್ನೂ ಕೃಪೆಯ ಲೆಕ್ಕಕ್ಕೇ ಹಾಕಿಕೊಂಡೆ.

ಕ್ಯಾನ್ಸರ್ ಡಾಕ್ಟರು ನಮ್ಮನ್ನು ಕೂರಿಸಿಕೊಂಡು ಹೇಳಿದ್ದು ಇಷ್ಟು. ಗಡ್ಡೆಯ ಕೋಶಗಳಲ್ಲಿ ನಾಲ್ಕು ಪ್ರೋಟೀನುಗಳು ಇವೆಯೋ ಇಲ್ಲವೋ ಪರೀಕ್ಷಿಸಬೇಕು. ಕೋಶ ತನ್ನ ನಕಲು ಮಾಡಿಕೊಳ್ಳುವಾಗ ಆಗುವ ತಪ್ಪುಗಳನ್ನು ತಿದ್ದುವ ಪ್ರೋಟೀನುಗಳವು. ವಿಚಿತ್ರವೆಂದರೆ, ಈ ಹಂತದ ಗಡ್ಡೆಯಲ್ಲಿ ಅವು ಇಲ್ಲದಿದ್ದರೇ ಒಳ್ಳೆಯದು. ಅಂಥ ಗಡ್ಡೆ ಮರಳಿ ಬರುವುದು ಕಡಿಮೆ, ಕೀಮೋ ಬೇಕಾಗುವುದಿಲ್ಲ. ನಾಲ್ಕೂ ಇದ್ದರೆ, ಕರುಳು ಕಟ್ಟಿಕೊಂಡಿದ್ದ ಕಾರಣಕ್ಕೆ, ಕೀಮೋ ತೆಗೆದುಕೊಳ್ಳುವುದೇ ಲೇಸು.

ನನಗೆ ಪ್ರಾರ್ಥನೆಯದೇ ಕಷ್ಟವಾಯಿತು. ಹುಟ್ಟಿದಾಗಿನಿಂದ ಶಿವನ ಮುಂದೆ ಕೊಡು, ಕೊಡು ಎಂದೇ ಬೇಡಿದವಳು. ಈಗ ಇಲ್ಲದಂತೆ ಮಾಡು ಎಂದು ಬೇಡಬೇಕು. ಅದೂ ಎಲ್ಲವನ್ನೂ ಅಲ್ಲ, ಒಂದೆರಡನ್ನು ಮಾತ್ರ, ಅದೂ ಗಡ್ಡೆಯಲ್ಲಿ ಮಾತ್ರ. ತಪ್ಪು ಕೇಳಿಸಿಕೊಂಡು ಬೇರೆ ಏನನ್ನಾದರೂ ತೆಗೆದುಬಿಟ್ಟಾನೆಂದು ಹೆದರಿ, ದಿನವೂ ಪೂರ್ತಿ ವಿವರಿಸಿ ಹೇಳುತ್ತಿದ್ದೆ.

ಪರೀಕ್ಷೆಯ ಫಲ ಬಂದಾಗ ಓದಿದ್ದು ಮಗಳು. ನಾಶಿಕದಲ್ಲೇ ಹುಟ್ಟಿ ಬೆಳೆದವಳು, ಕನ್ನಡ ತಿಳಿಯುತ್ತದೆ, ಬಾಯಿಗೆ ಬರುವುದು ಮರಾಠಿ. "ಆಯೀ, ದೋನ್ ಆಹೇತ, ದೋನ್ ನಾಹೀತ!" ಎಂದು ಕುಣಿದಳು. ಎರಡು ಇವೆ, ಎರಡು ಇಲ್ಲ! ಡಾಕ್ಟರೂ ಅದನ್ನೇ ನೋಡಿ ಕೀಮೋ ಬೇಡ ಅಂದರು. ನಮ್ಮವರು ಕಾರ್ಖಾನೆಯ ಶಿಫ್ಟಿಗೆಲ್ಲ ಪೇಢೆ ಹಂಚಿದರು. ನಾವು ತ್ರ್ಯಂಬಕಕ್ಕೆ ಹೋಗಿ ಅಭಿಷೇಕ ಮಾಡಿಸಿದೆವು. ಇನ್ನು ಸಂಭಾಜಿನಗರಕ್ಕೆ ಹೋಗಿ ವೇರುಳಿನ, ಅಂದರೆ ಎಲ್ಲೋರದ, ಘೃಷ್ಣೇಶ್ವರನಿಗೂ ಮಾಡಿಸುವುದು ಬಾಕಿ. ಹರಕೆ ಎರಡೂ ಕಡೆ ಹೊತ್ತಿದ್ದೆ, ಒಬ್ಬನಿಗೆ ಕೊಟ್ಟು ಇನ್ನೊಬ್ಬನನ್ನು ಬಿಡಲಾದೀತೇ?

ಒಂದೇ ಒಂದು ಮುಳ್ಳು ಉಳಿದಿತ್ತು. ಆ ಪ್ರೋಟೀನು ಇಲ್ಲದ ರೋಗ ಕೆಲವೊಮ್ಮೆ ಮನೆತನದಲ್ಲಿ ಹರಿದು ಬಂದಿರುತ್ತದೆ, ಹೀಗಾಗಿ ಒಡಹುಟ್ಟಿದವರೂ ಮುಂದೆ ಮಕ್ಕಳೂ ಕರುಳಿನ ಪರೀಕ್ಷೆ ಮಾಡಿಸಿಕೊಳ್ಳಬೇಕು ಎಂದಿದ್ದರು. ಮಗಳ ಮುಖ ನೋಡಿದಾಗಲೆಲ್ಲ ನನ್ನ ಪೇಢೆಯ ಸಿಹಿ ಇಳಿಯುತ್ತಿತ್ತು. ಅಕ್ಕನಿಗೆ ಫೋನಿನಲ್ಲಿ ಹೇಳಿದೆ.

"ನಂಗೇನಾಗ್ಯದವಾ ಪರೀಕ್ಷೆ ಮಾಡಸ್ಲಾಕ? ಆ ಕ್ಯಾಮೆರಾದ ನಳಿಗಿ ಎಲ್ಲಿಂದ ಹಾಕ್ತಾರ ಗೊತ್ತದೇನು ನಿಂಗ?"

"ಗೊತ್ತದ ಅಕ್ಕಾ."

"ಗೊತ್ತಿದ್ದೂ ಹೇಳ್ತೀಯಲ್ಲಾ, ನಾಚಿಕಿ ಬರಂಗಿಲ್ಲೇನು!" ಆಮೇಲೆ, "ಆ ಗಾಜಿನ ಪಟ್ಟಿ ಇಸಕೊಂಡು ಬಾ. ನಮ್ಮ ಮ್ಯಾಲಿನ ಬಾಯಾರಿಗಿ ತೋರಸೂಣು. ಅವರು ನಂಗ ಬ್ಯಾಡ ಅಂದ್ರ ಬ್ಯಾಡ," ಅಂದಳು.

ಹೀಗೆ, ತನ್ನ ಹಿಂಭಾಗವನ್ನು ಉಳಿಸಿಕೊಳ್ಳುವ ಅಕ್ಕನ ಆಸೆಯಿಂದ ನಮ್ಮ ಪಟ್ಟಿಗಳು ಸಂಭಾಜಿನಗರದ ದಾರಿ ಹಿಡಿದವು. ಶಿವ ಯಾರ ಕಡೆಯಿಂದ ಕೆಲಸ ಮಾಡಿಸುತ್ತಾನೆ ಹೇಳಲಾಗದು.

ಲ್ಯಾಬಿನವರು ಪಟ್ಟಿಗಳನ್ನು ಒಂದು ಸಣ್ಣ ಡಬ್ಬಿಯಲ್ಲಿ ಹಾಕಿಕೊಟ್ಟರು. ನಮ್ಮ ಮನೆಗೆ ಹೊಸದೇನೇ ಬರಲಿ, ಮಿಕ್ಸರ್ ಇರಲಿ, ಸ್ಕೂಟರ್ ಇರಲಿ, ಮಗಳ ಪರೀಕ್ಷೆಯ ಹಾಲ್‌ ಟಿಕೆಟ್ ಇರಲಿ, ಮೊದಲು ದೇವರ ಮುಂದೆ, ಆಮೇಲೆ ಬಳಕೆಗೆ. ಡಬ್ಬಿಯನ್ನು ದೇವರ ಮುಂದಿಟ್ಟೆ. ಡಬ್ಬಿಗೆ ಹಚ್ಚಿದ ಕುಂಕುಮ ಒಳಗಿನವಕ್ಕೆ ಹೇಗೆ ತಲುಪೀತು ಅನ್ನಿಸಿತು. ಮುಚ್ಚಳ ತೆಗೆದು, ಒಂದೂ ಬಿಡದಂತೆ, ಪ್ರತಿ ಗಾಜಿಗೂ ಅರಿಶಿಣ ಕುಂಕುಮ ಹಚ್ಚಿ ಕೈಮುಗಿದೆ.

ವೇರುಳಿನ ದರ್ಶನ ಮುಗಿಸಿ ಅಕ್ಕನ ಮನೆಗೆ ಬಂದೆವು. ನಮ್ಮವರು ಕೆಳಗೆ ಟಿವಿಯ ಮುಂದೆ ಕೂತರು. ನಾನೂ ಅಕ್ಕನೂ ಶೇಂಗಾ ಹೋಳಿಗೆಯ ಡಬ್ಬಿ, ಪ್ರಸಾದ, ಗಾಜಿನ ಡಬ್ಬಿ ಹಿಡಿದು ಮೇಲೆ ಹೋದೆವು. ಡಾಕ್ಟರಬಾಯಿಯ ಊಟದ ಮೇಜಿನ ಮೇಲೆ ಒಂದು ಹಳೆಯ ಮೈಕ್ರೋಸ್ಕೋಪು. ಉಪ್ಪಿನಕಾಯಿ ಭರಣಿ ಇರಬೇಕಾದ ಜಾಗದಲ್ಲಿ ಅದು. ಹೆಸರಿಗೆ ಕಾಗದ ಅಂಟಿಸಿ, ಮೊದಲ ಪಟ್ಟಿ ಇಟ್ಟು ಬಗ್ಗಿದರು. ತಟ್ಟನೆ ಮೈ ಸೆಟೆದು ನಿಂತಿತು.

"ಅಲಾ! ಏನಿದು ಕೆಂಪ ಕಣ? ಇಷ್ಟು ವರ್ಷದಾಗ ಇಂಥಾದ್ದು ನೋಡಿಲ್ಲ ನಾ." ದನಿಯಲ್ಲಿ ಹೊಸ ರೋಗ ಕಂಡುಹಿಡಿದವರ ಉಮೇದು.

"ಕುಂಕುಮ ರೀ," ಅಂದೆ.

ತಲೆ ಎತ್ತಿ ನನ್ನನ್ನು ನೋಡಿದರು. "ಯಾಕ?"

"ಪೂಜಾ ಮಾಡೀನ್ರಿ."

"ಗಡ್ಡಿಗಿ?"

"ಇಲ್ರಿ, ಗಾಜಿಗಿ."

ಮತ್ತೆ ಬಗ್ಗಿದರು. "ಹಳದಿನೂ ಅದ."

"ಅರಿಶಿಣ ಬಿಟ್ಟು ಬರೇ ಕುಂಕುಮ ಹಚ್ಚಬಾರದ್ರಿ."

ಬೈಯುವರು ಎಂದುಕೊಂಡಿದ್ದೆ. ಅವರು ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ, ಪ್ರತಿ ಪಟ್ಟಿಯನ್ನೂ ಕೂಸಿನ ಮುಖ ಒರೆಸಿದಂತೆ ಒರೆಸಿದರು. ಆಮೇಲೆ ನೋಡತೊಡಗಿದರು. ಹೋಳಿಗೆಗೆ ಹಚ್ಚಿದ್ದ ತುಪ್ಪ ಗಟ್ಟಿಯಾಗುವವರೆಗೆ ನೋಡಿದರು. ಎರಡು ಪಟ್ಟಿಗಳನ್ನು ಬೇರೆ ಎತ್ತಿಟ್ಟು, "ಇವೆರಡೂ ಕೆಟ್ಟಾವ," ಅಂದರು.

ಅಕ್ಕ ನನ್ನತ್ತ ತಿರುಗಿ, "ನೋಡು! ನಿನ್ನ ಕುಂಕುಮ! ಎಲ್ಲೆಲ್ಲಿ ಹಚ್ಚಬೇಕಂತ ಹದ್ದು ಇಲ್ಲೇನು ನಿಂಗ!" ಅಂದಳು. ಗಂಡನ ಭವಿಷ್ಯವನ್ನು ನಾನೇ ಬೊಟ್ಟಿಟ್ಟು ಕೆಡಿಸಿದೆನೇ?

"ಇವರ ಕುಂಕುಮ ಮ್ಯಾಲಿನ ಗಾಜಿನ ಮ್ಯಾಲಿತ್ತು, ಒರಸಿದೆ ಹೋತು. ಕೆಟ್ಟಿದ್ದು ಒಳಗ, ಬಣ್ಣ ಹಾಕೋವಾಗ. ಕುಂಕುಮಕ್ಕ ಅಷ್ಟು ಶಕ್ತಿ ಇಲ್ಲ," ಅಂದರು ಡಾಕ್ಟರಬಾಯಿ.

ಕುಂಕುಮಕ್ಕೆ ಶಕ್ತಿ ಇಲ್ಲವೆಂಬ ಮಾತು ಕೇಳಿ ನೆಮ್ಮದಿಯಾದದ್ದು ನನ್ನ ಜೀವನದಲ್ಲಿ ಅದೊಂದೇ ಸಲ.

"ನೋಡ್ರಿ," ಎಂದು ಅವರು ನಮಗೆ ತಿಳಿಹೇಳಲು ಕೂತರು. "ಪ್ರೋಟೀನು ಇದ್ದಲ್ಲಿ ಕಂದು ಬಣ್ಣ ಹತ್ತತದ, ದೀಪ ಹತ್ತಿದಂಗ. ಇಲ್ಲದಲ್ಲಿ ಬರೇ ನೀಲಿ. ಗಡ್ಡಿ ಅಂದ್ರ ಒಂದು ಮನಿ. ಅದರ ಬಾಜೂಕ ಕರುಳಿನ ಚೊಲೋ ಕೋಶ ಇರ್ತಾವ, ಅದು ಬಾಜು ಮನಿ. ಚೊಲೋ ಕೋಶದಾಗ ದೀಪ ಹತ್ತಲಾಕೇ ಬೇಕು. ಬಾಜು ಮನ್ಯಾಗ ದೀಪ ಅದ, ಗಡ್ಡಿಯಾಗ ಇಲ್ಲ ಅಂದ್ರ, ಗಡ್ಡಿಯಾಗ ಪ್ರೋಟೀನು ಖರೇನೇ ಇಲ್ಲ. ಇಲ್ಲಿ ಬಾಜು ಮನ್ಯಾಗೂ ಕತ್ತಲಿ ಅದ. ಹಂಗಂದ್ರ ಏನು?"

"ಲೈಟ್ ಹೋಗ್ಯಾವ," ಅಂದಳು ಅಕ್ಕ.

"ಹಾಂ! ಓಣಿಗೆ ಓಣಿನೇ ಕತ್ತಲಿ ಇದ್ದಾಗ ಒಂದು ಮನಿ ಬಗ್ಗಿ ಏನೂ ಹೇಳ್ಲಾಕ ಬರಂಗಿಲ್ಲ."

"ನಮ್ಮಲ್ಲಿ ಇನ್ವರ್ಟರ್ ಅದ್ರಿ ಬಾಯಾರ."

ಡಾಕ್ಟರಬಾಯಿ ಅಕ್ಕನನ್ನು ತುಸು ಹೊತ್ತು ನೋಡಿ, "ಕರುಳಾಗ ಇಲ್ಲ," ಅಂದರು.

ಅಂದರೆ, ನಾವು ಪೇಢೆ ಹಂಚಿದ ಆ 'ಇಲ್ಲ' ಎಂಬುದು ಇಲ್ಲವೂ ಅಲ್ಲ, ಇದೆಯೂ ಅಲ್ಲ. ಪರೀಕ್ಷೆ ಮತ್ತೆ ಆಗಬೇಕು. ಅಕ್ಕನ ದನಿ ಕೆಳಗೆ ಕೇಳಿತ್ತು, ನಮ್ಮವರು ಮೆಟ್ಟಿಲು ಹತ್ತಿ ಬಂದರು. ಕರುಳಿನ ಪರಿಚಯವಿದೆ ಎಂಬ ಮಾತು ಆಗಲೇ ಆದದ್ದು. ಗುಂಡಿಗಳನ್ನು ಮುಟ್ಟಿ ನೋಡಿಕೊಂಡ ಮೇಲೆ ಅವರು, "ಮತ್ತ ಪರೀಕ್ಷೆ ಬ್ಯಾಡ್ರಿ," ಅಂದರು.

"ಯಾಕ?"

"ನಮ್ಮ ಡಾಕ್ಟರು ಕೀಮೋ ಬ್ಯಾಡ ಅಂದಾರ. ತ್ರ್ಯಂಬಕಕ್ಕ ಹೋಗಿ ಬಂದೀವಿ, ವೇರುಳಕ್ಕೂ ಹೋಗಿ ಬಂದೀವಿ. ಶಿಫ್ಟಿಗೆಲ್ಲಾ ಪೇಢೆ ಹಂಚೀನಿ. ಈಗ ಹೋಗಿ ಪೇಢೆ ವಾಪಸ್ ಕೇಳಲೇನು? ಬಂದ ಸುಖಾನ ಯಾಕ ಕೆದರ್ತೀರಿ?"

ದನಿ ಜೋರಾಗಿಯೇ ಇತ್ತು. ಆಪರೇಷನ್ನಿನ ಮೇಲೆ ಆಗಷ್ಟೇ ಎರಡು ಹೊತ್ತು ಹಸಿವೆಯಾಗಿ ಉಣ್ಣತೊಡಗಿದ್ದ ಮನುಷ್ಯ. ಕೀಮೋ ಇಲ್ಲವೆಂಬ ಒಂದು ಮಾತಿನ ಮೇಲೆ ಎದ್ದು ನಿಂತಿದ್ದರು. ನನಗೂ ಒಳಗೊಳಗೆ, ಈ ಡಾಕ್ಟರಬಾಯಿಗೆ ಇವತ್ತೇ ಇಷ್ಟು ಕಣ್ಣು ಚುರುಕಾಗಬೇಕಿತ್ತೇ ಅನ್ನಿಸಿತು.

ಡಾಕ್ಟರಬಾಯಿಗೆ ಸಮಾಧಾನ ಹೇಳುವ ವಿದ್ಯೆ ಗೊತ್ತಿರಲಿಲ್ಲ. ಸೀರೆಯ ಅಂಚು ಎಳೆಯುತ್ತಾ, "ಪೇಢೆ ಕೇಳಬ್ಯಾಡ್ರಿ," ಅಂದರು. ಅದು ಸಾಲದೆಂದು ಅವರಿಗೇ ತಿಳಿಯಿತು. "ನೀವೇನು ಕೆಲಸ ಮಾಡ್ತೀರಿ?"

"ಬೇರಿಂಗಿನ ರಿಂಗ್ ಅಳತಿಗಿ ಸರಿ ಅವೋ ಇಲ್ಲೋ ನೋಡ್ತೀನ್ರಿ. ಇನ್ಸ್‌ಪೆಕ್ಷನ್ ಡಿಪಾರ್ಟ್‌ಮೆಂಟ್."

"ಯಾತರ ಮ್ಯಾಲ ನೋಡ್ತೀರಿ?"

"ಗೇಜ್ ಇರ್ತದ್ರಿ."

"ಗೇಜ್ ಖರೇ ಹೇಳ್ತದೋ ಸುಳ್ಳು ಹೇಳ್ತದೋ ಹ್ಯಾಂಗ ಗೊತ್ತಾಗ್ತದ?"

ತಮ್ಮ ಕೆಲಸದ ಮಾತು ಬಂದರೆ ನಮ್ಮವರ ಬೆನ್ನು ನೆಟ್ಟಗಾಗುತ್ತದೆ. "ದಿನಾ ಮುಂಜಾನಿ ಮಾಸ್ಟರ್ ಪೀಸ್ ಇಟ್ಟು ನೋಡ್ತೀವ್ರಿ. ಅದರ ಅಳತಿ ಪಕ್ಕಾ ಇರ್ತದ."

"ಗೇಜು ಆ ಮಾಸ್ಟರನ್ನೇ ರಿಜೆಕ್ಟ್ ಮಾಡಿದ್ರ?"

"ಗೇಜೇ ಕೆಟ್ಟದ ಅಂತಾತು. ಅದರಿಂದ ನೋಡಿದ ಮಾಲೆಲ್ಲಾ ಹೊರಗ ತಗದು ಮತ್ತ ನೋಡ್‌ಲಾಕೇ..."

ಅಲ್ಲಿಗೆ ನಿಂತರು. ಬಾಯಿ ಹಾಗೇ ತೆರೆದಿತ್ತು. ಡಾಕ್ಟರಬಾಯಿ ಒಂದು ಹೋಳಿಗೆ ತೆಗೆದುಕೊಂಡು ಅಂಚು ನೋಡಿ ಕಚ್ಚಿದರು. ನಮ್ಮವರು ಕುರ್ಚಿ ಎಳೆದು ಕೂತು, "ಏನು ತರಬೇಕ್ರಿ?" ಎಂದು ಕೇಳಿದರು.

ತರಬೇಕಾದದ್ದು ಮೇಣದ ತುಂಡು. ಗಡ್ಡೆಯ ಭಾಗವನ್ನು ಮೇಣದಲ್ಲಿ ಹುದುಗಿಸಿ ಇಟ್ಟಿರುತ್ತಾರೆ, ಅದರಿಂದಲೇ ಹೊಸ ಚೂರು ತೆಗೆಯುವುದು. ವೈಶಾಖದ ಬಿಸಿಲು, ಮೇಣ ಕರಗಿದರೆ ಏನು ಗತಿ ಎಂದು ನಾನು ಅದನ್ನು ಒದ್ದೆ ಬಟ್ಟೆ ಸುತ್ತಿದ ಡಬ್ಬಿಯಲ್ಲಿಟ್ಟು ಮಡಿಲಲ್ಲಿ ಹಿಡಿದು ಬಸ್ಸಿನಲ್ಲಿ ಕೂತೆ. ಪಕ್ಕದಲ್ಲಿ ನಮ್ಮವರು. "ಅರ್ಧಾ ನಾ ಇಲ್ಲಿ, ಅರ್ಧಾ ನಾ ನಿನ್ನ ಉಡ್ಯಾಗ. ಟಿಕೆಟ್ ಒಂದೇ ತಗೊಂಡಿದ್ದು ಕಂಡಕ್ಟರ್‌ಗ ಹೇಳಬ್ಯಾಡ," ಅಂದರು. ಪರೀಕ್ಷೆ ಮತ್ತೆ ಆಗಬೇಕೆಂದ ಮೇಲೆ ಅವರು ನಕ್ಕದ್ದು ಅದೇ ಮೊದಲು. ಕಿಟಕಿಯ ಸೀಟೂ ಸಿಕ್ಕಿತ್ತು. ಎರಡನ್ನೂ ಶಿವನ ಹೆಸರಿಗೆ ಬರೆದುಕೊಂಡೆ.

ಡಾಕ್ಟರಬಾಯಿ ಬಾಗಿಲಲ್ಲೇ ಕೈಚಾಚಿ, "ಪೂಜಾ ಆಗ್ಯದೇನು?" ಎಂದು ಕೇಳಿದರು.

"ಇಲ್ರಿ. ಮನಸಿನಾಗ ಅಷ್ಟೇ ಮಾಡೀನಿ."

"ಮನಸಿನಾಗ ಎಷ್ಟು ಬೇಕಾದಷ್ಟು ಹಚ್ಚರಿ. ಗಾಜಿಗಿ ಹತ್ತಂಗಿಲ್ಲ."

ಕೆಲವು ದಿನಗಳ ನಂತರ ಫೋನ್ ಬಂತು. ಅಕ್ಕ ಆಗ ನಮ್ಮ ಮನೆಗೇ ಬಂದಿದ್ದಳು, ಎಲ್ಲರಿಗೂ ಕೇಳಲೆಂದು ಮಗಳು ಸ್ಪೀಕರ್ ಹಾಕಿದಳು. ಡಾಕ್ಟರಬಾಯಿಯ ದನಿ ಹಬ್ಬದ ಹಾಗಿತ್ತು. "ನಾಲ್ಕೂ ಅವ ರೀ! ಬಾಜು ಮನ್ಯಾಗೂ ಅವ, ಗಡ್ಡಿಯಾಗೂ ಅವ. ಏನು ಸ್ವಚ್ಛ ಕಂದು ಅಂತೀರಿ! ಇಷ್ಟು ಚಂದ ಪಟ್ಟಿ ನೋಡಿ ಭಾಳ ದಿನ ಆಗಿತ್ತು."

ಈ ಕಡೆಯಿಂದ ಯಾರೂ ಮಾತಾಡಲಿಲ್ಲ. ಆಮೇಲೆ ಸಣ್ಣ ದನಿಯಲ್ಲಿ, "ತಡೀರಿ. ನಿಮಗ ಇದು ಚೊಲೋ ಸುದ್ದಿ ಅಲ್ಲ ಅಲ್ಲೇನು?" ಅಂದರು. "ಬರೇ ಪಟ್ಟಿ ನೋಡಿ ಖುಷಿ ಆಗಿಬಿಟ್ಟೆ. ತಪ್ಪಾತು." ಇನ್ನೂ ಸಣ್ಣ ದನಿಯಲ್ಲಿ, "ಕೀಮೋ ತಗೋಬೇಕಾಗ್ತದ. ನಾಲ್ಕೂ ಇದ್ದದ್ದಕ್ಕ ಇದು ಮನೆತನದಾಗ ಹರಿಯೋ ಜಾತಿ ಇರಲಿಕ್ಕಿಲ್ಲ. ಹುಡುಗಿಗಿ, ಅಕ್ಕೋರಿಗಿ ಆ ಪರೀಕ್ಷೆಯ ಗಡಿಬಿಡಿ ಇಲ್ಲ," ಎಂದರು. ಫೋನ್ ಇಟ್ಟರು.

ಅಕ್ಕನ ಮುಖ ನೋಡಬೇಕಿತ್ತು. ಅರ್ಧ ಮುಖದಲ್ಲಿ ನಳಿಗೆಯಿಂದ ಪಾರಾದ ಸಂತೋಷ, ಇನ್ನರ್ಧದಲ್ಲಿ "ಅಯ್ಯೋ ತಮ್ಮಾ" ಎನ್ನುವ ಅಳು. ಯಾವುದನ್ನು ಮೊದಲು ಹೊರಗೆ ಬಿಡಬೇಕೆಂದು ತಿಳಿಯದೆ ಸೆರಗಿನಿಂದ ಪೂರ್ತಿ ಮುಚ್ಚಿಕೊಂಡಳು. ನಾನು ಮಗಳ ತಲೆ ನೇವರಿಸಿದೆ. ಒಂದು ಕೈಯಲ್ಲಿ ಕಸಿದವನು ಇನ್ನೊಂದು ಕೈಯಲ್ಲಿ ಕೊಟ್ಟಿದ್ದ.

ನಾಶಿಕದ ಡಾಕ್ಟರು ಹೊಸ ಪಟ್ಟಿಗಳನ್ನು ಇನ್ನೊಬ್ಬರಿಂದಲೂ ನೋಡಿಸಿ ಒಪ್ಪಿದರು. ಕೀಮೋ ಶುರುವಾಯಿತು. ಆ ಔಷಧಿಗೆ ತಂಪು ಆಗದು. ನೀರು ತಣ್ಣಗಿದ್ದರೆ ಗಂಟಲಲ್ಲಿ ಮುಳ್ಳು, ಫ್ರಿಜ್ ಮುಟ್ಟಿದರೆ ಬೆರಳಲ್ಲಿ ಸೂಜಿ. ಉರಿಬಿಸಿಲಲ್ಲಿ ಬಿಸಿನೀರು ಕುಡಿಯುತ್ತಾ ನಮ್ಮವರು ಪ್ರತಿ ಲೋಟಕ್ಕೂ ಡಾಕ್ಟರಬಾಯಿಯನ್ನು ನೆನೆಯುತ್ತಿದ್ದರು. ನೆನೆದದ್ದನ್ನು ಬರೆಯಲಾಗದು. ಅಷ್ಟಕ್ಕೇ ಬಿಡದೆ ಫೋನ್ ಹಚ್ಚುತ್ತಿದ್ದರು.

"ಬಾಯಾರ, ಬೆರಳು ಜುಮ್ ಅಂತಾವ."

"ಅನ್ನಲಿ. ಬೆರಳು ಅವ ಅಂತ ಗೊತ್ತಾಗ್ತದಲ್ಲ."

"ನಾಲಗಿ ಮ್ಯಾಲ ರುಚಿನೇ ಇಲ್ಲ."

"ನಂದು ಹೋಟೆಲಿನ ಊಟ. ನನಗೂ ಇಲ್ಲ."

"ಆ ದಿವಸ ನೀವು ಸುಮ್ಮನ ಹೋಳಿಗಿ ತಿಂದು ಕಳಿಸಿದ್ರ ಏನಾಗ್ತಿತ್ತು?"

"ಹೋಳಿಗಿ ಇನ್ನಾ ಎರಡು ತಿಂತಿದ್ದೆ."

ಪ್ರತಿ ಸಲದ ಕೀಮೋ ಆದ ಮರುದಿನ ಡಾಕ್ಟರಬಾಯಿಯೇ ಫೋನ್ ಮಾಡುವರು. ರಕ್ತದ ಅಂಕಿಗಳನ್ನು ಹೇಳಿ ಎಂಬ ನೆವ. ಒಮ್ಮೆ ಫೋನ್ ಬರಲು ತಡವಾಯಿತು. ನಮ್ಮವರು ಮಧ್ಯಾಹ್ನವೆಲ್ಲ ಫೋನನ್ನು ತಿರುವಿ ತಿರುವಿ ನೋಡಿ, "ಇವತ್ತು ಯಾಕ ಮಾಡ್ಲಿಲ್ಲ? ನಾ ಇನ್ನ ಯಾರ ಕೂಡ ಜಗಳಾಡ್ಲಿ?" ಅಂದರು. ಮನೆಯಲ್ಲಿ ನಾನಿದ್ದೇನೆಂದು ಹೇಳಿದೆ. "ನಿನ್ನ ಕೂಡ ಮಜಾ ಬರಂಗಿಲ್ಲ, ನೀ ಎಲ್ಲಾದಕ್ಕೂ ಕೃಪಾ ಅಂತೀ," ಅಂದರು.

ಔಷಧಿಯ ಸುತ್ತುಗಳೆಲ್ಲ ಮುಗಿದ ಮೇಲೆ ನಾನು ಡಾಕ್ಟರಬಾಯಿಯ ಉಡಿ ತುಂಬಲು ಹೋದೆ. ಲಗ್ನವಾಗದವರಿಗೆ ಎಲ್ಲಿಯ ಉಡಿ ಎಂದು ಅಕ್ಕ ತಕರಾರು ತೆಗೆದಳು. ನನಗೆ ಅಂದು ಶಾಸ್ತ್ರ ಕೇಳುವ ಮನಸ್ಸಿರಲಿಲ್ಲ. ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ಕುಪ್ಪಸದ ಬಟ್ಟೆ. ಸೆರಗು ಹಿಡಿಯಿರಿ ಅಂದರೆ ಎರಡು ಕೈಯಲ್ಲಿ ಚಾಚಿ, ಯಾವುದೋ ರೋಗಿಯ ಮಾದರಿ ಇಸಿದುಕೊಳ್ಳುವವರಂತೆ ನಿಂತರು. ಹಾಕಿದ ಅಕ್ಕಿಯನ್ನು ಬಗ್ಗಿ ನೋಡಿ, "ಒಂದು ಹರಳು ಅದ," ಅಂದರು. ಆರಿಸಿ ನನ್ನ ಕೈಗೇ ಕೊಟ್ಟರು.

ಅಂದು ಬಹಳ ದಿನದ ನನ್ನ ಪ್ರಶ್ನೆಯನ್ನು ಕೇಳಿಯೇಬಿಟ್ಟೆ. "ಬಾಯಾರ, ಔಷಧಿ ತಗೊಳ್ಳದಿದ್ರೂ ಇವರು ನೆಟ್ಟಗ ಇರ್ತಿದ್ರೇನು?"

"ಗೊತ್ತಿಲ್ಲ."

"ಹಂಗಾದ್ರ ಔಷಧಿಯಿಂದನೇ ನೆಟ್ಟಗ ಆದ್ರೇನು?"

"ಅದೂ ಗೊತ್ತಿಲ್ಲ. ಭಾಳ ಮಂದಿನ್ನ ನೋಡಿದಾಗ, ಇಂಥಾ ಗಡ್ಡಿ ಇದ್ದವರಾಗ ತಗೊಂಡವರಿಗಿ ಚೊಲೋ ಆಗ್ತದ ಅಂತ ಗೊತ್ತು. ಒಬ್ಬರ ಬಗ್ಗಿ ಹೇಳ್ಲಾಕ ಯಾರಿಗೂ ಬರಂಗಿಲ್ಲ."

"ದೇವರಿಂದ ಆತೇನು ಮತ್ತ?"

ನಗುವರು ಎಂದುಕೊಂಡೆ. ನಗಲಿಲ್ಲ. ಉಡಿಯ ಗಂಟು ಹಿಡಿದುಕೊಂಡೇ ಯೋಚಿಸಿದರು. "ಅವನ ಪಟ್ಟಿ ನನ್ನ ಕಡಿ ಯಾರೂ ಕಳಿಸಿಲ್ಲ ನೋಡ್ರಿ," ಅಂದರು.

ನಮ್ಮ ಬಳಗದಲ್ಲಿ ಎಲ್ಲರಿಗೂ ಎಲ್ಲವೂ ಗೊತ್ತು. ರೋಗ ಯಾಕೆ ಬಂತು, ಯಾರ ಕಣ್ಣು ತಾಗಿತು, ಏನು ತಿಂದರೆ ಹೋಗುತ್ತದೆ, ಕೇಳುವ ಮೊದಲೇ ಹೇಳುವರು. ಆ ಆಪರೇಷನ್ನಿನ ನಂತರ ನಮ್ಮ ಮನೆಗೆ ಬಂದವರಲ್ಲಿ ಗೊತ್ತಿಲ್ಲ ಎಂದವರು ಒಬ್ಬರೂ ಇರಲಿಲ್ಲ. ಆ ಮಾತನ್ನು ನಾಚಿಕೆಯಿಲ್ಲದೆ, ನೀರು ಕೊಟ್ಟಷ್ಟು ಸಹಜವಾಗಿ ಹೇಳಿದವರನ್ನು ನಾನು ಅವರೊಬ್ಬರನ್ನೇ ಕಂಡದ್ದು. ಅದಕ್ಕೇ ಇರಬೇಕು, ಅವರು ಗೊತ್ತು ಎಂದದ್ದರ ಮೇಲೆ ಭಾರ ಹಾಕಿ ನಿಲ್ಲಬಹುದು ಅನ್ನಿಸುತ್ತಿತ್ತು.

ಈಚೆಗೆ ಅವರ ಕಣ್ಣಿಗೆ ಪೊರೆ ಬಂದು, ಆಪರೇಷನ್ ಆದ ಮೇಲೂ ಬಣ್ಣಗಳ ಮೇಲೆ ಮೊದಲಿನ ಭರವಸೆ ಉಳಿಯಲಿಲ್ಲವಂತೆ. ಲ್ಯಾಬಿನವರು ಇರಿ ಇರಿ ಎಂದರೂ ಕೇಳದೆ ಕೆಲಸ ಬಿಟ್ಟು ಊರಿಗೆ ಹೊರಟರು.

ಅವರು ಹೋದ ಮರುವಾರ ನಮ್ಮವರ ತಪಾಸಣೆ ಇತ್ತು. ಸ್ಕ್ಯಾನಿನಲ್ಲಿ ಏನೂ ಇಲ್ಲ, ಮೊದಲಿನ ಹಾಗೆ ಪದೇ ಪದೇ ಬರುವುದು ಬೇಡ ಎಂದರು ನಾಶಿಕದ ಡಾಕ್ಟರು. ಈ ಸಲ ಶಿಫ್ಟಿಗೆ ಪೇಢೆ ಹಂಚಲಿಲ್ಲ. ಸೋಮವಾರ ಇಬ್ಬರೇ ತ್ರ್ಯಂಬಕಕ್ಕೆ ಹೋದೆವು. ಅಭಿಷೇಕದ ಸಂಕಲ್ಪಕ್ಕೆ ಭಟಜಿ ಕೈಯಲ್ಲಿ ನೀರು ಹಿಡಿದು, ಯಾರ ಹೆಸರಿನಲ್ಲಿ ಎಂದು ಮರಾಠಿಯಲ್ಲಿ ಕೇಳಿದರು. ಗುಡಿಯಲ್ಲಿ ಬಾಯಿ ಬಿಡುವುದು ಯಾವಾಗಲೂ ನಾನೇ. ನಮ್ಮವರ ಹೆಸರು ಹೇಳಲು ಹೊರಟಿದ್ದೆ. ಅಷ್ಟರಲ್ಲಿ ಅವರೇ ಡಾಕ್ಟರಬಾಯಿಯ ಪೂರ್ತಿ ಹೆಸರು ಹೇಳಿಬಿಟ್ಟರು.

"ಗೋತ್ರ?" ಎಂದರು ಭಟಜಿ.

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಗೋತ್ರ ತಿಳಿಯದವರಿಗೆ ಕಾಶ್ಯಪ ಗೋತ್ರ ಹೇಳಿ ಮುಗಿಸುವುದು ರೂಢಿ. ಭಟಜಿ ಎಷ್ಟು ಮಂದಿಗೆ ಹೇಳಿದ್ದಾರೋ, "ಕಾಶ್ಯಪ..." ಎಂದು ಶುರು ಮಾಡಿಯೇಬಿಟ್ಟರು.

ನಮ್ಮವರು ಅವರ ಕೈ ಹಿಡಿದರು. "ಥಾಂಬಾ ಭಟಜಿ, ನಿಲ್ಲರಿ," ಅಂದರು. ಆಮೇಲಿನದು ಮರಾಠಿಯಲ್ಲಿ: ಗೋತ್ರ ನಮಗೆ ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ಅವರ ಹೆಸರಿನ ಮುಂದೆ ಹಚ್ಚಬೇಡಿ, ಅವರಿಗೆ ಅದು ಆಗಿಬರುವುದಿಲ್ಲ.

ಗೊತ್ತಿಲ್ಲ ಎನ್ನುವುದಕ್ಕೆ ಭಟಜಿಯ ಬಳಿ ಮಂತ್ರವಿರಲಿಲ್ಲ. ಅಂಗೈಯ ನೀರು ಸೋರುತ್ತಿತ್ತು, ಹಿಂದೆ ಸಾಲು ಗೊಣಗುತ್ತಿತ್ತು. ಅವರು ನಮ್ಮವರನ್ನು ನೋಡಿದರು, ನನ್ನನ್ನು ನೋಡಿದರು. ಕೊನೆಗೆ ಮತ್ತೆ ನೀರು ತೆಗೆದುಕೊಂಡು ಮೊದಲಿನಿಂದ ಶುರು ಮಾಡಿದರು. ಗೋತ್ರ ಬರಬೇಕಾದಲ್ಲಿ ಒಂದು ಉಸಿರಿನಷ್ಟು ಜಾಗ ಖಾಲಿ ಬಿಟ್ಟು, ಅವರ ಹೆಸರು ಹೇಳಿ, ಮಂತ್ರ ಮುಂದಕ್ಕೆ ನಡೆಸಿದರು.